ಆಲೂಗಡ್ಡೆ ತಟ್ಟೆ ಬಂದ ಹೊತ್ತು

ಝಹ್ಲೆ,
ನವೆಂಬರ್ ೩, ೧೯೬೮

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ತವರುಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚಾಗಿರಬೇಕು. ಮಾವ, ಅಜ್ಜಿ ಆರೋಗ್ಯವೇ? ನಾವೆಲ್ಲ ಚೆನ್ನಾಗಿದ್ದೇವೆ. ಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ಅಪ್ಪ ದಿನಾ ಅಡುಗೆಮನೆಗೆ ಬಂದು ಏನನ್ನೋ ಹುಡುಕುತ್ತಾರೆ. ಏನು ಬೇಕೆಂದರೆ ಉಪ್ಪು ಅನ್ನುತ್ತಾರೆ. ಉಪ್ಪು ಕಣ್ಣೆದುರೇ ಇರುತ್ತದೆ.

ಇನ್ನು ನಮ್ಮ ದ್ರಾಕ್ಷಿ ಮದ್ಯದ, ಅರಕ್‌ನ ಸುದ್ದಿ. ಈ ವರ್ಷದ ಮೂರು ಸರದಿಯಲ್ಲಿ ಮೊದಲನೆಯದನ್ನು ಬಟ್ಟಿ ಇಳಿಸಿದ ದಿನ ನೀನೂ ಇದ್ದೆ. ಆವತ್ತೇ ತಾನೇ ಆ ಮಾತು ಬಂದದ್ದು. ನೀನು "ಇನ್ನೂ ಘಾಟಿದೆ, ಜಾಡಿ ಬದಲಿಸಬೇಡಿ" ಅಂದೆ. ಪಕ್ಕದ ಮನೆಯ ಶಲ್ಹೂಬನ ಎದುರಿಗೇ ಅಪ್ಪ, "ಹೆಂಗಸರ ಮೂಗು ಬೆಳ್ಳುಳ್ಳಿಗೆ ಸರಿ, ಅರಕ್‌ಗಲ್ಲ" ಅಂದರು. ನೀನು ಕೈ ಒರೆಸಿಕೊಂಡು ಬಸ್ಸು ಹತ್ತಿದೆ. ತಪ್ಪು ಯಾರದೆಂದು ನಾನು ಹೇಳುವುದಿಲ್ಲ. ನಿಮ್ಮಿಬ್ಬರ ಮಧ್ಯೆ ತಲೆ ಹಾಕುವಷ್ಟು ದಡ್ಡಿಯಲ್ಲ.

ಹೋದ ವಾರ ಎರಡನೆಯ ಸಲ ಇಳಿಸಿದೆವು. ತಾಮ್ರದ ಹಂಡೆಯ ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ಸಣ್ಣ ಉರಿ ಮಾಡಿ ಅಪ್ಪ ಕೂತರು. ಮೊದಲು ಇಳಿಯುವ ಘಾಟನ್ನು ಚೆಲ್ಲಬೇಕು, ಒಳ್ಳೆಯದು ಶುರುವಾದೊಡನೆ ಜಾಡಿ ಬದಲಿಸಬೇಕು ಎಂಬುದು ನಿನಗೆ ನಾನು ಹೇಳಬೇಕಾದ್ದಲ್ಲ. ಅಪ್ಪ ಹನಿಗಳನ್ನು ಅಂಗೈಗೆ ಹಿಡಿದು ಮೂಸಿದರು. ಮತ್ತೆ ಮೂಸಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಆಲೂಗಡ್ಡೆ ಸುಟ್ಟು ಮುಗಿದಿತ್ತು, ನಾನು ತಟ್ಟೆ ತಂದೆ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಜಾಡಿ ಬದಲಿಸಿಬಿಟ್ಟರು! ಆಗ ನನಗೆ ಹೊಳೆಯಿತು. ವರ್ಷವರ್ಷವೂ ಘಾಟು ಇಳಿದು ಹೋದದ್ದನ್ನು ಒಳಗಿಂದಲೇ ಮೂಸಿ ತಿಳಿದು ನೀನು ತಟ್ಟೆ ಹಿಡಿದು ಬರುತ್ತಿದ್ದೆ. ನಾವು ಅದನ್ನು ಅಪ್ಪನ ಹಸಿವಿನ ಹೊತ್ತು ಅಂದುಕೊಂಡಿದ್ದೆವು.

ಶಲ್ಹೂಬ ಒಂದು ಗುಟುಕು ಕುಡಿದು ಉಗಿದ. "ಏನಯ್ಯಾ ಇದು, ಹೆಂಡ್ತಿ ಉಗುರುಬಣ್ಣ ಅಳಿಸೋ ದ್ರಾವಣಾನ ಇದ್ರೊಳಗೆ ಸುರಿದು ಹೋದ್ಲಾ?" ಅಂದ. ಅಪ್ಪ ಒಲೆಯಿಂದ ಸೌದೆ ಹೊರಗೆಳೆದರು.

ಇನ್ನು ಉಳಿದಿರುವುದು ಸೋಂಪು ಹಾಕಿ ಇಳಿಸುವ ಕೊನೆಯ ಸರದಿ. ಅದೂ ಕೆಟ್ಟರೆ ಈ ವರ್ಷದ ದ್ರಾಕ್ಷಿಯೆಲ್ಲ ಚರಂಡಿಗೆ. ಹೋದರೆ ಹೋಗಲಿ. ಆದರೆ ತಣ್ಣಗಿನ ಒಲೆಯ ಮುಂದೆ ಅವರು ಸುಮ್ಮನೆ ಕೂರುವುದನ್ನು ನೋಡಲಾಗುವುದಿಲ್ಲ. ನೀನಿಲ್ಲದೆ ನನಗೂ ಬೇಸರ, ಅಮ್ಮಾ.

ಮಾವನಿಗೆ ನಮಸ್ಕಾರ. ಅಜ್ಜಿಯ ಕೈಗೆ ನನ್ನದೊಂದು ಮುತ್ತು.

ನಿನ್ನ ಮಗಳು,
ನಜ್ಲಾ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಾಗ ಅಪ್ಪ ಬಂದು, ಅಂಚೆಗೆ ಬೇಡ, ನಾನೇ ಒಯ್ಯುತ್ತೇನೆ ಅಂದರು. ಅಲ್ಲೇ ಕೂತಿದ್ದ ಶಲ್ಹೂಬ ಯಾಕೆಂದು ಕೇಳಿದ. "ಮೂಗು ಅವಳದ್ದು ಕಣಯ್ಯಾ, ನಾನು ಬರೀ ಸೌದೆ ಹಾಕ್ತಿದ್ದೆ" ಅಂದರು. ನಿನ್ನೆದುರು ಅಷ್ಟು ಹೇಳುವ ಧೈರ್ಯ ಇರುತ್ತದೋ ಇಲ್ಲವೋ, ಅದಕ್ಕೇ ಬರೆದೆ. ನೀನು ಇದನ್ನು ಓದಿ ಮುಗಿಸುವವರೆಗೂ ಅವರನ್ನು ಬಾಗಿಲಲ್ಲೇ ನಿಲ್ಲಿಸಿರುತ್ತೀಯ, ನನಗೆ ಗೊತ್ತು. ಮುಗಿಯಿತು, ಒಳಗೆ ಕರೆ.