ಮೇಷ್ಟರ ಬ್ರೇಕು

ಕಗ್ಗದಾಸಪುರ
೧೯ ನವೆಂಬರ್ ೨೦೨೫

ಪ್ರೀತಿಯ ಇನಾಯತ್,

ಸಲಾಂ. ಕೋಲಾರದ ಹವೆ ನಿನ್ನ ಮಂಡಿಗೆ ಒಗ್ಗಿದೆ ಎಂದುಕೊಂಡಿದ್ದೇನೆ. ನೀನು ಐದು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೈದುಕೊಂಡಿರುತ್ತೀಯ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ.

ಹೊಸ ತಿಪ್ಪಸಂದ್ರದಲ್ಲಿ ನಮ್ಮ ಡ್ರೈವಿಂಗ್ ಸ್ಕೂಲಿದ್ದ ಮಳಿಗೆಯ ಮುಂದೆ ಈಗ ಬಾಡಿಗೆ ಬ್ಯಾಟರಿ ಸ್ಕೂಟರುಗಳು ಸಾಲಾಗಿ ನಿಂತಿವೆ. ಫೋನು ತೋರಿಸಿದರೆ ಸಾಕು, ಗಾಡಿ ಸಿಗುತ್ತದೆ. ಓಡಿಸಲು ಕಲಿತಿದ್ದೀಯಾ ಎಂದು ಕೇಳುವವರಿಲ್ಲ. ನೀನು ಕೈಸನ್ನೆಯ ಚಿತ್ರ ಬರೆಯುತ್ತಿದ್ದ ಕಪ್ಪು ಹಲಗೆಯ ಮೇಲೆ ಅವರ ಜಾಹೀರಾತು ಅಂಟಿಸಿದ್ದಾರೆ. ಇಂಡಿಕೇಟರ್ ಇದ್ದರೂ ಕೈ ತೋರಿಸಲೇಬೇಕು ಎಂದು ನೀನು ಪಟ್ಟು ಹಿಡಿಯುತ್ತಿದ್ದೆಯಲ್ಲ. "ಹಾತ್ ಸೀದಾ!" ಎಂದು ನೀನು ಕೂಗಿದರೆ ಎದುರಿನ ಬೇಕರಿಯವನೂ ಕೈ ಚಾಚುತ್ತಿದ್ದ.

ನನ್ನ ಹೊಸ ಕೆಲಸದ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ಅದು ತಾನಾಗಿ ಓಡುವ ವ್ಯಾನು. ಇಂದಿರಾನಗರ ಮೆಟ್ರೋದಿಂದ ಕಂಪನಿಯ ಆಫೀಸಿನವರೆಗೆ ಪ್ರಯೋಗಕ್ಕೆಂದು ಓಡಿಸುತ್ತಿದ್ದಾರೆ. ಸ್ಟೀರಿಂಗ್ ಮುಂದೆ ನಾನು ಸುಮ್ಮನೆ ಕೂರಬೇಕು, ಹೆಚ್ಚುಕಡಿಮೆಯಾದರೆ ಬ್ರೇಕ್ ಒತ್ತಬೇಕು. ಮೂವತ್ತು ವರ್ಷ ಮೇಷ್ಟರ ಸೀಟಿನಲ್ಲಿ ಕೂತು, ನಮ್ಮ ಕಡೆಯಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದವನು ಎಂದೇ ನನ್ನನ್ನು ಆರಿಸಿದ್ದು. ಇದೂ ಒಂದು ಶಿಷ್ಯ ಎಂದುಕೊಂಡೆ. ಆದರೆ ಹಸು ಕಂಡರೆ, ಆಟೊ ಅಡ್ಡ ಬಂದರೆ ನನ್ನ ಕಾಲು ನನ್ನನ್ನು ಕೇಳದೆಯೇ ಬ್ರೇಕ್ ಒತ್ತಿಬಿಡುತ್ತಿತ್ತು.

ಎಂಜಿನಿಯರ್ ಸಿದ್ಧಲಿಂಗೇಶ ಬಾಗಲಕೋಟೆ ಕಡೆಯವನು, ಮರ್ಯಾದಸ್ಥ. ಒಂದು ದಿನ ಪಕ್ಕಕ್ಕೆ ಕರೆದ. "ನೀವು ಬ್ರೇಕ್ ಒತ್ತಿದಾಗೆಲ್ಲಾ ಗಾಡಿ ಫೇಲ್ ಆತು ಅಂತ ರಿಪೋರ್ಟ್‌ನಾಗ ಬರ್ತದ್ರೀ ಸರ. ಸ್ವಲ್ಪ ತಡಕೊಳ್ರಿ," ಎಂದ. ಹೇಳಿದ ಮಾತು ಕೇಳದ ಕಾಲನ್ನು ನಾನೇನು ಮಾಡಲಿ? ಚಪ್ಪಲಿ ಬಿಟ್ಟು, ಬಲಗಾಲನ್ನು ಮಡಚಿ ಎಡತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರತೊಡಗಿದೆ. ಆ ವಾರ ನನ್ನ ವ್ಯಾನು ಒಂದು ಸಲವೂ ಫೇಲಾಗಲಿಲ್ಲ. ಆಫೀಸಿನ ಗೋಡೆಗೆ ನನ್ನ ಫೋಟೊ ಹಾಕಿ ಕೇಕ್ ಕತ್ತರಿಸಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಿಗ್ಗಾಯಿತು ಕಣೋ. ಸ್ಕೂಲು ಮುಚ್ಚಿದ ಮೇಲೆ ಯಾರೂ ನನ್ನನ್ನು ಹೀಗೆ ಮೆಚ್ಚಿರಲಿಲ್ಲ.

ಹೋದ ಗುರುವಾರ ಮರ್ಫಿ ಟೌನ್ ತಿರುವಿನ ಹತ್ತಿರ ವ್ಯಾನು ಒಂದು ಬಾಡಿಗೆ ಸ್ಕೂಟರಿಗೆ ಗುದ್ದಿತು. ಓಡಿಸುತ್ತಿದ್ದವಳು ನಮ್ಮ ಸೌಂದರ್ಯಾ. ನಮ್ಮ ಕೊನೆಯ ಬ್ಯಾಚಿನಲ್ಲಿ ಕಲಿತವಳು, ಈಗ ಮನೆಮನೆಗೆ ಔಷಧಿ ತಲುಪಿಸುವ ಕೆಲಸ. ತೊಡೆಯ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಅವಳು ಬಲಕ್ಕೆ ತಿರುಗುತ್ತಿದ್ದಳು, ಅದೇ ಹೊತ್ತಿಗೆ ವ್ಯಾನು ಬಲಗಡೆಯಿಂದ ಅವಳನ್ನು ದಾಟಲು ಹೋಯಿತು. ಸ್ಕೂಟರಿನ ಇಂಡಿಕೇಟರ್ ಮೊದಲೇ ಕೆಟ್ಟಿತ್ತಂತೆ. ನಾನು ಮಡಚಿದ ಕಾಲು ಬಿಡಿಸಿ ಬ್ರೇಕ್ ಮುಟ್ಟುವಷ್ಟರಲ್ಲಿ ಅವಳು ರಸ್ತೆಯ ಮೇಲೆ ಬಿದ್ದಿದ್ದಳು.

ಸಿಗ್ನಲ್ ಕೊಡದೆ ತಿರುಗಿದಳು ಎಂದು ಕಂಪನಿಯವರು ಒಂದು ಹಾಳೆಯ ವರದಿ ಬರೆದು ಪೊಲೀಸರಿಗೆ ಕೊಟ್ಟರು. ವ್ಯಾನಿನ ಕ್ಯಾಮೆರಾದಲ್ಲಿ ಸಿಕ್ಕಿದ್ದನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ನಾನೂ ಠಾಣೆಯಲ್ಲಿ ಸಿಗ್ನಲ್ ಕೊಡಲಿಲ್ಲವೆಂದೇ ಹೇಳಿ ಸಹಿ ಹಾಕಿದೆ. ತಪ್ಪು ಅವಳದೆಂದಾದ ಮೇಲೆ ಸ್ಕೂಟರಿನವರು ಅವಳಿಗೆ ಇನ್ನು ಗಾಡಿ ಕೊಡುವುದಿಲ್ಲವಂತೆ. ಗಾಡಿಯಿಲ್ಲದಿದ್ದರೆ ಕೆಲಸವೂ ಇಲ್ಲ. ವ್ಯಾನು ಮಾತ್ರ ಸೋಮವಾರದಿಂದ ಮತ್ತೆ ಓಡುತ್ತಿದೆ. "ಮುಂದ ಡ್ರೈವರೇ ಬೇಕಾಗಂಗಿಲ್ರೀ ಸರ, ರಸ್ತೆ ಭಾಳ ಸೇಫ್ ಆಗ್ತಾವ," ಎಂದ ಸಿದ್ಧಲಿಂಗೇಶ. ಆಗಬಹುದು. ಠಾಣೆಯಲ್ಲಿ ಸಹಿ ಹಾಕುವುದಕ್ಕೆ ಮಾತ್ರ ಇನ್ನೂ ಒಬ್ಬ ಮನುಷ್ಯ ಬೇಕು. ನಾನು ಇವತ್ತೂ ಕೆಲಸಕ್ಕೆ ಹೋಗಿ ಬಂದೆ.

ನಿನ್ನ ಮಗಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ವೆಂಕಟಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅವಳು ಕೈ ತೋರಿಸಿದ್ದಳು. ಭುಜದ ಮಟ್ಟಕ್ಕೆ, ಅಂಗೈ ಮುಂದಕ್ಕೆ, ನೀನು ಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆಯೇ. ವ್ಯಾನಿಗೆ ಆ ಕೈ ತಿಳಿಯಲಿಲ್ಲ, ಅದಕ್ಕೆ ಯಾರೂ ಕಲಿಸಿರಲಿಲ್ಲ. ನನಗೆ ತಿಳಿಯಿತು. ಕೈ ಕಂಡಿತು ಎಂದರೆ ನಿಮ್ಮ ಕಾಲು ಎಲ್ಲಿತ್ತು ಎಂದು ಕೇಳುತ್ತಾರಲ್ಲ, ಅದಕ್ಕೇ ಕಾಣಲಿಲ್ಲ ಎಂದೆ. ಭಾನುವಾರ ಅವಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. "ಕೈ ತೋರಿಸ್ದೆ ಅಂತಾನೇ ಅನ್ಕೊಂಡಿದ್ದೆ ಮೇಷ್ಟ್ರೇ. ನೀವೇ ನೋಡ್ಲಿಲ್ಲ ಅಂದ್ಮೇಲೆ ನಾನೇ ಮರ್ತಿರ್ಬೇಕು," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಇನಾಯತ್ ಸಾರ್‌ಗೆ ಮಾತ್ರ ಹೇಳ್ಬೇಡಿ, ತುಂಬಾ ಬೇಜಾರ್ ಮಾಡ್ಕೋತಾರೆ," ಎಂದಳು.

ಹೇಳೋದಿಲ್ಲಮ್ಮ ಎಂದು ಮಾತು ಕೊಟ್ಟು ಬಂದೆ.