ಕೆಂಪು ಚೀಟಿ, ಹಸಿರು ಚೀಟಿ

ಇಪ್ಪತ್ತೆರಡನೇ ತಾರೀಕು, ಮಂಗಳವಾರ

ದಿಂಬಿನ ಕೆಳಗಿನ ನನ್ನ ದಿನಚರಿ ಪುಸ್ತಕವನ್ನು ಕದ್ದು ಓದುತ್ತೀಯಲ್ಲ, ನಿನಗೆ ನಾಚಿಕೆ ಇಲ್ಲವೇ? ಮಗನೋ ಸೊಸೆಯೋ, ಯಾರೇ ಆಗಿರು. ಮೊನ್ನೆ ಹಾಳೆಯ ಮೇಲೆ ಎಣ್ಣೆ ಬೆರಳಿನ ಗುರುತಿತ್ತು. ವಿಚ್ಛೇದನವಾದ ಮೇಲೆ ನಿಮಗೆ ಒಬ್ಬರ ಮುಖ ಒಬ್ಬರಿಗೆ ಬೇಡ, ನನ್ನ ಪುಸ್ತಕ ಮಾತ್ರ ಬೇಕು.

ಇವತ್ತು ವಕೀಲರ ಗುಮಾಸ್ತ ಬಂದು ಮನೆ ಸಾಮಾನಿಗೆಲ್ಲ ಚೀಟಿ ಅಂಟಿಸಿದ. ಮಗನ ಪಾಲಿಗೆ ಕೆಂಪು, ಸೊಸೆಯ ಪಾಲಿಗೆ ಹಸಿರು. ನಾನು ಕೂತಿದ್ದ ಕುರ್ಚಿಯ ಹತ್ತಿರ ಬಂದು, "ಅಜ್ಜಿ, ಸ್ವಲ್ಪ ಏಳ್ತೀರಾ?" ಅಂದ. ಎದ್ದೆ, ಹಸಿರು ಅಂಟಿಸಿದ. ಮಂಚದ ಮೇಲೆ ಹೋಗಿ ಕೂತೆ. ಅಲ್ಲಿಂದಲೂ ಎಬ್ಬಿಸಿ ಕೆಂಪು ಅಂಟಿಸಿದ.

"ನನ್ನ ಹಣೆಗೆ ಯಾವ ಬಣ್ಣನಪ್ಪಾ?" ಅಂತ ಕೇಳಿದೆ.

ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದ ಮಗ ಸೊಸೆಯ ಕಡೆ ನೋಡಿದ, ಸೊಸೆ ನೆಲ ನೋಡಿದಳು.

ಒಂದನೇ ತಾರೀಕಿಗೆ ಮನೆ ಕೊಂಡವರು ಬೀಗದ ಕೈ ತೆಗೆದುಕೊಳ್ಳಲು ಬರುತ್ತಾರೆ. ಮಗನ ಜೊತೆ ಹೋಗುತ್ತೇನೆಂದರೆ, ತಾಯಿಯ ಜೊತೆ ಹೋಗುವ ಮೊಮ್ಮಗಳು ಕೈತಪ್ಪುತ್ತಾಳೆ. ಸೊಸೆಯ ಜೊತೆ ಅಂದರೆ ಹೆತ್ತವಳೇ ಮಗನನ್ನು ಬಿಟ್ಟಳು ಅಂತಾಗುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗಾಗಿದ್ದೇನೆ, ಒಳಗೂ ಇಲ್ಲ, ಹೊರಗೂ ಇಲ್ಲ. ಯಾರ ಜೊತೆ ಅಂತ ನನ್ನ ಬಾಯಿಂದ ಹೇಳಿಸಬೇಡಿ.

ಗುಮಾಸ್ತನ ಕಣ್ಣು ತಪ್ಪಿಸಿ ಒಂದು ಕೆಂಪು, ಒಂದು ಹಸಿರು ಚೀಟಿ ಎತ್ತಿಕೊಂಡೆ. ಎರಡನ್ನೂ ಈ ಹಾಳೆಯಲ್ಲೇ ಇಟ್ಟಿದ್ದೇನೆ. ಕದ್ದು ಓದುವವರೇ, ನಾನು ಬೇಕೆಂದರೆ ನಿಮ್ಮ ಬಣ್ಣದ್ದನ್ನು ಇದರ ಕೆಳಗೆ ಅಂಟಿಸಿ. ಇಬ್ಬರೂ ಅಂಟಿಸಿದರೂ ನಾನು ಬೈಯುವುದಿಲ್ಲ. ಉತ್ತರ ಮಾತ್ರ ಮುಂದಿನ ತಿಂಗಳು ಹುಟ್ಟುವ ಮೊದಲೇ ಬರಬೇಕು.