ನೀವು ನೆಡಹೊರಟ ಕಾಡು ಆಗಲೇ ಹುಟ್ಟಿದೆ

ಮಾನ್ಯ ಜಿಲ್ಲಾ ಅರಣ್ಯಾಧಿಕಾರಿಗಳೇ,

ಬರುವ ಸೋಮವಾರ ನಿಮ್ಮ ಬುಲ್ಡೋಜರುಗಳು ಪೈನ್ ಸಸಿ ನೆಡುವ ಕೆಲಸಕ್ಕೆಂದು ನಮ್ಮೂರ ಲಿಥಾರಿ ಇಳಿಜಾರಿಗೆ ಬರುತ್ತಿವೆ. ಅಲ್ಲಿ ಪೈನ್ ಸಸಿಗಳಿವೆ. ಯಾರೂ ನೆಟ್ಟದ್ದಲ್ಲ. ಎರಡು ವರ್ಷದ ಹಿಂದೆ ಆಗಸ್ಟಿನ ಬೆಂಕಿಗೆ ಬಾಯಿಬಿಟ್ಟ ಕಾಯಿಗಳಿಂದ ಬೀಜ ಬೂದಿಗೆ ಉದುರಿ, ಮೊದಲ ಮಳೆಗಳಲ್ಲೇ ಎದ್ದವು. ಈಗ ಒಂದು ಗೇಣು ಎತ್ತರವಿವೆ. ನೆಡುವ ಮುನ್ನ ನಿಮ್ಮ ಯಂತ್ರಗಳು ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಸೀಳಬೇಕಂತೆ. ಅಂದರೆ ಕಾಡು ಬೆಳೆಸುವ ಸಲುವಾಗಿ ಕಾಡನ್ನು ಕಿತ್ತೆಸೆಯುವ ಯೋಜನೆಗೆ ತಾವು ಸಹಿ ಮಾಡಿದ್ದೀರಿ. ಈ ಬಗ್ಗೆ ನಾವು ಕೊಟ್ಟ ಮೂರು ಅರ್ಜಿಗಳ ಮೇಲೂ ತಮ್ಮ ಕಚೇರಿಯ ಮುದ್ರೆ ಬಿದ್ದಿದೆ. ಯಾರ ಕಣ್ಣಾದರೂ ಬಿದ್ದಿದೆಯೇ ಎಂಬುದು ತಿಳಿಯದ ಕಾರಣ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾವು ಪೈನ್ ಮರದ ತೊಗಟೆ ಗೀರಿ ರಾಳ ತೆಗೆಯುವವರು. ಬೆಂಕಿ ಕಾಡಿನ ಶತ್ರು ಎಂದು ತಮ್ಮ ಫಲಕಗಳು ಪ್ರತಿ ತಿರುವಿನಲ್ಲೂ ಬೋಧಿಸುತ್ತವೆ. ಯಾವ ಬೆಂಕಿ, ಯಾವ ತಿಂಗಳಿನದು ಎಂದು ಮಾತ್ರ ಹೇಳುವುದಿಲ್ಲ. ನಮ್ಮ ಹಿರಿಯರು ಜನವರಿಯಲ್ಲಿ, ಪಾದ್ರಿ ಸಮುದ್ರಕ್ಕೆ ಶಿಲುಬೆ ಎಸೆಯುವ ಹಬ್ಬ ಮುಗಿದ ಮೇಲೆ, ಮಳೆ ನಿಂತ ಎರಡನೆಯ ದಿನ ಕಾಡಿನ ನೆಲಕ್ಕೆ ಬೆಂಕಿ ಹಾಕುತ್ತಿದ್ದರು. ರಾಳ ಒಸರುವ ಗಾಯಕ್ಕೆ ಕಿಡಿ ತಾಗದಂತೆ ಮೊದಲು ಒಂದೊಂದು ಬುಡದ ಸುತ್ತಲೂ ಸೂಜಿ ಎಲೆಗಳನ್ನು ಗುಡಿಸಿ ತೆಗೆಯುತ್ತಿದ್ದರು. ಆಮೇಲೆ ಮೇಲಿನಿಂದ ಕೆಳಕ್ಕೆ, ಗಾಳಿಗೆ ಎದುರಾಗಿ ಉರಿಸುತ್ತಿದ್ದರು. ಜ್ವಾಲೆ ಪಾದದ ಗಂಟು ಮೀರಿದರೆ ಹಸಿ ಕೊಂಬೆಯಿಂದ ಬಡಿದು ತಗ್ಗಿಸುತ್ತಿದ್ದರು. ತರಗು ಉರಿದುಹೋಗುತ್ತಿತ್ತು, ಮರ ಉಳಿಯುತ್ತಿತ್ತು.

ಈ ಅಪರಾಧಕ್ಕಾಗಿ ನನ್ನ ದೊಡ್ಡಪ್ಪ ಅರ್ಗಿರಿಸ್ ಹದಿನಾಲ್ಕು ವರ್ಷದ ಹಿಂದೆ ನ್ಯಾಯಾಲಯದಲ್ಲಿ ನಿಂತರು.

“ಕಾಡಿಗೆ ಬೆಂಕಿ ಇಟ್ಟಿದ್ದು ಹೌದಾ?” ಎಂದು ನ್ಯಾಯಾಧೀಶರು ಕೇಳಿದರು.

“ಹೌದು ಸ್ವಾಮಿ, ಇಟ್ಟೆ. ನಮ್ಮಪ್ಪನೂ ಇಡ್ತಿದ್ದ. ಮರಗಳು ಅಲ್ಲೇ ನಿಂತಿವೆ, ಬೇಕಾದ್ರೆ ಸಾಕ್ಷಿಗೆ ಕರೆಸಿ.”

ಮರಗಳನ್ನು ಕರೆಸಲಿಲ್ಲ. ಶಿಕ್ಷೆಯಾಯಿತು. ಅಂದಿನಿಂದ ಯಾರೂ ಕಡ್ಡಿ ಗೀರಲಿಲ್ಲ. ತರಗು ಮೊಣಕಾಲಿನವರೆಗೆ ಬೆಳೆಯಿತು, ಪೊದೆಗಳು ಕೊಂಬೆಗಳಿಗೆ ಏಣಿ ಹಾಕಿದವು. ತಮ್ಮ ವಾರ್ಷಿಕ ವರದಿಗಳಲ್ಲಿ ಅದರ ಹೆಸರು ಸಂರಕ್ಷಣೆ. ಆಗಸ್ಟಿನಲ್ಲಿ ಬಂದ ಬೆಂಕಿ ಅನುಮತಿ ಕೇಳಲಿಲ್ಲ. ನೆಲದಲ್ಲಿ ನಡೆಯಬೇಕಾದದ್ದು ಮರದ ತುದಿಯಿಂದ ತುದಿಗೆ ಹಾರಿತು.

ಅದರ ಮರುವಸಂತದಲ್ಲಿ ಸಮೀಕ್ಷೆಗೆಂದು ತಮ್ಮ ಕಚೇರಿಯಿಂದ ಒಬ್ಬ ಯುವ ಅಧಿಕಾರಿಣಿ ಬಂದರು. ಪಕ್ಕದ ಪ್ಲಾತಾನಾ ಇಳಿಜಾರಿನಲ್ಲಿ ನಿಂತು, “ಇಲ್ಲೇನೂ ಉಳಿದಿಲ್ಲ, ಪಾಪ,” ಎಂದರು.

“ಮಗಳೇ, ಸ್ವಲ್ಪ ಕಾಲೆತ್ತು,” ಎಂದರು ದೊಡ್ಡಪ್ಪ.

“ಯಾಕೆ ತಾತ?”

“ಮೂರು ಮರದ ಮೇಲೆ ನಿಂತಿದೀಯ.”

ಆಕೆ ಗಾಬರಿಯಿಂದ ಹಿಂದೆ ಸರಿದರು.

“ಅಯ್ಯೋ, ಈಗ ಐದರ ಮೇಲೆ!”

ಆಕೆ ನಕ್ಕರು, ಆದರೆ ಬಗ್ಗಿ ನೋಡಿದರು. ತಮ್ಮ ಇಲಾಖೆಯಲ್ಲಿ ಬಗ್ಗಿ ನೋಡಿದವರು ಅವರೊಬ್ಬರೇ, ಆದ್ದರಿಂದ ಅವರನ್ನು ದೂರುವುದಿಲ್ಲ. “ನಂಗೆ ಕಾಣ್ತಿದೆ ತಾತ. ಆದ್ರೆ ಫಾರಂನಲ್ಲಿ ಸುಟ್ಟಿದ್ದು, ಸುಡದೇ ಇರೋದು, ಇವೆರಡೇ ಇರೋದು. ಸಸಿ ದಟ್ಟವಾಗಿರೋ ಕಡೆ ನೀವೇ ಗುರುತು ಹಾಕಿಡಿ, ಗುತ್ತಿಗೆದಾರರಿಗೆ ಹೇಳ್ತೀನಿ,” ಎಂದರು. ಮುಂದಿನ ತಿಂಗಳೇ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು.

ನಾವು ಗುರುತು ಹಾಕಿದೆವು. ನಮ್ಮಲ್ಲಿ ರಾಳ ತೆಗೆದು ದಣಿದ ಮರಕ್ಕೆ ಕೆಲವು ವರ್ಷ ವಿಶ್ರಾಂತಿ ಕೊಡುವಾಗ ಎದೆಮಟ್ಟದಲ್ಲಿ ಸುಣ್ಣದ ಪಟ್ಟಿ ಬಳಿಯುತ್ತಾರೆ. ಸುಣ್ಣದ ಮರವನ್ನು ಕಳ್ಳನೂ ಮುಟ್ಟುವುದಿಲ್ಲ. ಎಂಟು ಮನೆಯವರು ಸೇರಿ, ಎಲ್ಲೆಲ್ಲಿ ಸಸಿಗಳು ದಟ್ಟವಾಗಿದ್ದವೋ ಅಲ್ಲೆಲ್ಲ ಸುಟ್ಟು ನಿಂತ ಕಾಂಡಗಳಿಗೆ ಸುಣ್ಣ ಬಳಿದೆವು. ಶರತ್ಕಾಲದಲ್ಲಿ ಯಂತ್ರಗಳು ಬಂದವು. ಮೂರನೆಯ ದಿನ ದೊಡ್ಡಪ್ಪನೊಂದಿಗೆ ಹೋಗಿ ನೋಡಿದಾಗ ಪ್ಲಾತಾನಾದಲ್ಲಿ ಹಸಿರೆಂಬುದೇ ಇರಲಿಲ್ಲ. ಚಾಲಕ ಖುಷಿಯಲ್ಲಿದ್ದ.

“ಅಕ್ಕಾ, ಗುರುತು ಹಾಕಿದ್ದು ನೀವೇನಾ? ಭಾಳ ಉಪಕಾರ ಆಯ್ತು. ಬಿಳಿ ಪಟ್ಟಿ ಇರೋದನ್ನ ಮೊದಲು ಬೀಳಿಸಿ, ಅಲ್ಲಿಂದಲೇ ಸೀಳೋಕೆ ಶುರು ಮಾಡಿ ಅಂತ ನಮಗೆ ಆರ್ಡರ್. ವಾರದ ಕೆಲಸ ಎರಡೇ ದಿನಕ್ಕೆ ಮುಗೀತು!”

ದೊಡ್ಡಪ್ಪ ಅವನನ್ನು ಬೈಯಲಿಲ್ಲ. ಹಿಂದಿರುಗುವಾಗ, “ನಾವೇ ತೋರಿಸಿಕೊಟ್ವಲ್ಲೇ,” ಎಂದರು, ಅಷ್ಟೇ. ತಮ್ಮ ಕಡತಗಳಲ್ಲಿ ಬಿಳಿ ಪಟ್ಟಿಗೆ ಏನರ್ಥವೆಂದು ಕೇಳದೆ ಹೋದದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಕಾಡಿನಲ್ಲಿ ಕೆಲಸ ಮಾಡುವವರ ಗುರುತೇನೆಂದು ಕೇಳುವ ಹೊಣೆ ಕಾಡಿನ ಅಧಿಕಾರಿಗೆ ಇರಲಿಲ್ಲವೇ? ಪ್ಲಾತಾನಾದಲ್ಲಿ ತಾವು ನೆಡಿಸಿದ ಸಸಿಗಳನ್ನು ನೋಡಲು ಈ ಬೇಸಿಗೆಯಲ್ಲಿ ಬರಬೇಕಿತ್ತು. ಆಧಾರಕ್ಕೆ ಕಟ್ಟಿದ ಕೋಲು ಯಾವುದು, ಸಸಿ ಯಾವುದು ಎಂದು ಹೇಳುವುದು ಕಷ್ಟ. ಎರಡೂ ಸಮಾನವಾಗಿ ಒಣಗಿವೆ.

ಈಗ ಉಳಿದಿರುವುದು ಲಿಥಾರಿ. ಕಾಯಿಗಳು ತಮ್ಮ ಬೀಜವನ್ನೆಲ್ಲ ಒಮ್ಮೆಲೇ ಉದುರಿಸಿ ಬರಿದಾಗಿವೆ. ಬೀಜ ಕೊಡುವ ಹಸಿರು ಮರ ಆ ಇಳಿಜಾರಿನ ಹತ್ತಿರ ಒಂದೂ ಇಲ್ಲ. ಈ ಸಸಿಗಳನ್ನು ಕಿತ್ತರೆ ಬೆಟ್ಟದ ಬಳಿ ಎರಡನೆಯ ಬಿತ್ತನೆಗೆ ಏನೂ ಇಲ್ಲ. ಇದನ್ನು ಅರಿಯಲು ಅರಣ್ಯಶಾಸ್ತ್ರದ ಪದವಿ ಬೇಕೇ? ಅಥವಾ ಅರಿಯಬೇಕಾದರೆ ಆ ಪದವಿ ಇಲ್ಲದಿರಬೇಕೇ?

ನಮ್ಮ ಬೇಡಿಕೆ ಇಷ್ಟು. ಶುಕ್ರವಾರದೊಳಗೆ ಲಿಥಾರಿಯ ಕೆಲಸ ನಿಲ್ಲಿಸುವ ಆದೇಶವನ್ನು ಲಿಖಿತವಾಗಿ ಹೊರಡಿಸಿ. ಅಲ್ಲಿಗೆ ಯಂತ್ರವೂ ಬೇಡ, ಬೆಂಕಿಯೂ ಬೇಡ. ಸಸಿಗಳ ತೊಗಟೆ ಬೆಂಕಿ ತಾಳುವಷ್ಟು ದಪ್ಪವಾಗುವವರೆಗೆ ಸುಮ್ಮನಿರುವ ಉಪಕಾರ ಸಾಕು. ತೊರೆಯ ಆಚೆ ದೂರದಲ್ಲಿ ಸುಡದೆ ಉಳಿದ ಹಳೆಯ ಕಾಡಿನಲ್ಲಿ, ಬರುವ ಜನವರಿಯಿಂದ, ತಮ್ಮವರ ಎದುರಿನಲ್ಲೇ ನೆಲದ ತರಗು ಸುಡಲು ನಮಗೆ ಅನುಮತಿ ಕೊಡಿ. ಹೇಗೆಂದು ಬಲ್ಲವರು ಊರಿನಲ್ಲಿ ನಾಲ್ವರು ಉಳಿದಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಕಿರಿಯವರಿಗೆ ಅರವತ್ತೊಂಬತ್ತು.

ಆದೇಶ ಬಾರದಿದ್ದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಎಂಟೂ ಮನೆಯವರು ಲಿಥಾರಿಗೆ ಹತ್ತುವ ದಾರಿಯಲ್ಲಿ ಅಡ್ಡ ಕುಳಿತಿರುತ್ತೇವೆ. ದೊಡ್ಡಪ್ಪನಿಗೆ ಎಂಬತ್ತೊಂದು, ಮನೆಯಲ್ಲೇ ಇರಿ ಎಂದರೆ ಕೇಳುತ್ತಿಲ್ಲ, ಕುರ್ಚಿ ತಾವೇ ಹೊತ್ತು ತರುತ್ತಾರಂತೆ. ಆ ಸಸಿಗಳಿಂದ ರಾಳ ಇಳಿಯಲು ಇನ್ನೂ ನಲವತ್ತು ವರ್ಷ ಬೇಕೆಂಬುದು ಅವರಿಗೂ ಗೊತ್ತಿದೆ.

ಇಂತಿ,
ಗೀರಲು ಮರವಿಲ್ಲದ ರಾಳದವಳು,
ಝಫೀರೋ